ಕೀರ್ತಿಗೂ ಕೀಲೆಣ್ಣೆ ಬೇಕು

2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನವು ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಕೆಳಕ್ಕೆ ಬಂದು, ವೈದ್ಯಕೀಯ ಕಾಲೇಜೊಂದರ ವಿದ್ಯಾರ್ಥಿನಿಲಯದ ಮೇಲೆ ಬಿದ್ದಿತು. ವಿಮಾನದಲ್ಲಿದ್ದ 242 ಜನರಲ್ಲಿ ಬದುಕಿದವರು ಒಬ್ಬರೇ. ನೆಲದ ಮೇಲಿದ್ದವರನ್ನೂ ಸೇರಿಸಿ ಮಡಿದವರು 260 ಮಂದಿ. ಅದು ಮಧ್ಯಾಹ್ನದ ಊಟದ ಹೊತ್ತು. ನಮ್ಮ ವಯಸ್ಸಿನವರೇ ಆದ ವಿದ್ಯಾರ್ಥಿಗಳು ತಟ್ಟೆಯ ಮುಂದೆ ಕುಳಿತಿದ್ದರು. ಅವರಾರೂ ಟಿಕೆಟ್ಟು ಕೊಂಡವರಲ್ಲ.

ಆ ದುರಂತದ ಕಾರಣವನ್ನು ನಿರ್ಣಯಿಸುವುದು ತಜ್ಞರಿಗೆ ಸೇರಿದ ಕೆಲಸ. ಅದನ್ನು ಊಹಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಆ ರಾತ್ರಿ ನಮ್ಮ ಹಾಸ್ಟೆಲಿನಲ್ಲಿ ನಡೆದ ಮಾತುಕತೆಯು ನನ್ನನ್ನು ವಿಚಾರಕ್ಕೆ ಹಚ್ಚಿತು. ಯಾವ ವಿಮಾನ ಸಂಸ್ಥೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ಚರ್ಚೆ ಎದ್ದಿತು. ಒಬ್ಬ ಮಿತ್ರನು ಒಂದು ಸಂಸ್ಥೆಯ ಊಟೋಪಚಾರವನ್ನು ಹೊಗಳಿದ. ಇನ್ನೊಬ್ಬನು ಮತ್ತೊಂದರ ಸಿಬ್ಬಂದಿಯ ಉಡುಪನ್ನು ಕೊಂಡಾಡಿದ. ಮೂರನೆಯವನು ಯಾವ ಚಿತ್ರತಾರೆ ಯಾವುದರಲ್ಲಿ ಹೋಗುತ್ತಾರೆಂಬುದನ್ನು ಪಟ್ಟಿಮಾಡಿದ. ನಮ್ಮಲ್ಲಿ ಒಬ್ಬನೂ ವಿಮಾನವೇರಿದವನಲ್ಲ ಎಂಬುದು ಬೇರೆ ಮಾತು! ಆದರೆ ಚಕ್ರ, ರೆಕ್ಕೆ, ಇಂಜಿನುಗಳನ್ನು ನೋಡಿಕೊಳ್ಳುವವರು ಯಾರು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಮ್ಮ ತಾತ ಎತ್ತಿನ ಗಾಡಿ ಹೊಡೆದವರು. ಜಾತ್ರೆ ಹತ್ತಿರ ಬಂದಾಗ ಊರಿನವರೆಲ್ಲ ಗಾಡಿಗೆ ಬಣ್ಣ ಬಳಿದರೆ, ತಾತ ಮೊದಲು ಗಾಲಿ ಕಳಚಿ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದರು. “ಬಣ್ಣವನ್ನ ಊರು ನೋಡುತ್ತೆ ಮಗ, ಕೀಲೆಣ್ಣೆಯನ್ನ ಎತ್ತು ನೋಡುತ್ತೆ” ಎನ್ನುತ್ತಿದ್ದರು. ವಿಮಾನ ಸಂಸ್ಥೆಗಳ ಕೀರ್ತಿಯ ವಿಷಯದಲ್ಲಿ ನನಗೆ ಹೇಳಬೇಕೆನಿಸುವುದೂ ಇಷ್ಟೆ. ನಾವು ಬಣ್ಣವನ್ನು ನೋಡಿ ಕೀರ್ತಿಯನ್ನು ಅಳೆಯುತ್ತಿದ್ದೇವೆ. ಕೀಲೆಣ್ಣೆಯ ಲೆಕ್ಕ ಕೇಳಬೇಕಾದವರಿಗೆ ಮುಂದಿನ ಸಾಲಿನ ಆಸನ ಕೊಟ್ಟು ಸುಮ್ಮನಿರಿಸಲಾಗುತ್ತಿದೆ.

ವಿಮಾನವನ್ನೇ ಏರದವನಿಗೆ ಈ ಮಾತೇಕೆ ಎಂದು ಯಾರಾದರೂ ಕೇಳಬಹುದು. ಏರ್ ಇಂಡಿಯಾ ಸರ್ಕಾರದ ಕೈಯಲ್ಲಿದ್ದಾಗ, ಅದನ್ನು ಮೇಲೆತ್ತಲು ಸುಮಾರು 30,000 ಕೋಟಿ ರೂಪಾಯಿಗಳ ಬಂಡವಾಳವನ್ನು ಹಲವು ವರ್ಷಗಳಲ್ಲಿ ಒದಗಿಸುವ ಯೋಜನೆಗೆ 2012ರಲ್ಲಿ ಕೇಂದ್ರವು ಒಪ್ಪಿಗೆ ಕೊಟ್ಟಿತು. ಆ ಹಣ ಪ್ರಯಾಣಿಕರ ಜೇಬಿನಿಂದ ಬಂದುದಲ್ಲ. ಸೋಪು, ಬೆಂಕಿಪೊಟ್ಟಣ ಕೊಳ್ಳುವ ಪ್ರತಿಯೊಬ್ಬನ ತೆರಿಗೆಯಿಂದ ಬಂದುದು. ಆದುದರಿಂದ ಕೇಳುವ ಹಕ್ಕು ನಮಗೂ ಇದೆ.

ಈ ಸಂಸ್ಥೆಯ ಪೂರ್ವಚರಿತ್ರೆ ಹೆಮ್ಮೆ ಪಡತಕ್ಕದ್ದು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಪುಟ್ಟ ವಿಮಾನವೊಂದರಲ್ಲಿ ಅಂಚೆಚೀಲಗಳನ್ನಿಟ್ಟುಕೊಂಡು ಕರಾಚಿಯಿಂದ ಮುಂಬಯಿಗೆ ತಾವೇ ಹಾರಿಸಿಕೊಂಡು ಬಂದರು. 1948ರಲ್ಲಿ ಲಂಡನ್ನಿಗೆ ಹಾರಾಟ ಆರಂಭವಾಯಿತು. 1953ರಲ್ಲಿ ರಾಷ್ಟ್ರೀಕರಣವಾದ ಮೇಲೂ ಅವರೇ 1978ರವರೆಗೆ ಅಧ್ಯಕ್ಷರಾಗಿದ್ದರು. ಪ್ರಯಾಣಮಾಡುವಾಗ ಚಹದ ಬಣ್ಣದಿಂದ ಹಿಡಿದು ಕೌಂಟರಿನ ಧೂಳಿನವರೆಗೆ ಎಲ್ಲವನ್ನೂ ಕಂಡು, ಟಿಪ್ಪಣಿ ಬರೆದು, ಸರಿಪಡಿಸುವವರೆಗೆ ಬಿಡುತ್ತಿರಲಿಲ್ಲವೆಂದು ಪ್ರತೀತಿ. ಅಧ್ಯಕ್ಷನು ಮುಂದಿನ ಸಾಲಿನಲ್ಲಿ ಕುಳಿತರೆ ತಪ್ಪಲ್ಲ. ಕುಳಿತು ಏನನ್ನು ನೋಡುತ್ತಾನೆಂಬುದೇ ಮುಖ್ಯ. ಸಂಸ್ಥೆಯ ಲಾಂಛನವಾಗಿ 1946ರಲ್ಲಿ ರೂಪುಗೊಂಡ ‘ಮಹಾರಾಜ’ನಾದರೂ ಪ್ರಯಾಣಿಕನಿಗೆ ತಲೆಬಾಗಿ ನಿಂತ ರಾಜ.

ಕಾಲಕ್ರಮದಲ್ಲಿ ಈ ಚಿತ್ರ ತಿರುವುಮುರುವಾಯಿತು. ಪ್ರಯಾಣಿಕನೇ ರಾಜರುಗಳಿಗೆ ತಲೆಬಾಗಬೇಕಾಯಿತು. 2015ರಲ್ಲಿ ಲೇಹ್‌ನಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರಿಗೂ ಅವರ ಸಂಗಡಿಗರಿಗೂ ಸ್ಥಳಮಾಡಿಕೊಡಲು ಒಂದು ಮಗುವೂ ಸೇರಿ ಮೂವರನ್ನು ವಿಮಾನದಿಂದ ಇಳಿಸಲಾಯಿತು. ತಮಗೆ ತಿಳಿದಿರಲಿಲ್ಲವೆಂದು ಹೇಳಿ ಸಚಿವರು ಆಮೇಲೆ ಕ್ಷಮೆ ಕೇಳಿದರು. 2017ರಲ್ಲಿ ಲೋಕಸಭಾ ಸದಸ್ಯರೊಬ್ಬರು ಆಸನದ ಜಗಳದಲ್ಲಿ ಸಂಸ್ಥೆಯ ಅಧಿಕಾರಿಯನ್ನು ಚಪ್ಪಲಿಯಿಂದ ಹೊಡೆದುದಾಗಿ ತಾವೇ ಒಪ್ಪಿಕೊಂಡರು. ಅತಿಗಣ್ಯರ ವಿಶೇಷ ವಿಮಾನಗಳ ಬಾಬ್ತು ಸರ್ಕಾರವೇ ಸಂಸ್ಥೆಗೆ ನೂರಾರು ಕೋಟಿ ರೂಪಾಯಿ ಬಾಕಿ ಉಳಿಸಿಕೊಂಡಿದ್ದಿತು.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನೆತ್ತಬಹುದು: ಮಂತ್ರಿಗೆ ಆಸನ ಕೊಟ್ಟ ಮಾತ್ರಕ್ಕೆ ರೆಕ್ಕೆಯ ತಿರುಪು ಸಡಿಲವಾಗುತ್ತದೆಯೆ? ಆಕ್ಷೇಪ ನ್ಯಾಯವಾದುದೇ. ಒಂದು ಆಸನದಿಂದ ಒಂದು ತಿರುಪೂ ಸಡಿಲವಾಗುವುದಿಲ್ಲ. ಆದರೆ ‘ನಮ್ಮವರು’ ಎಂಬ ಸಲಿಗೆ ಒಮ್ಮೆ ಒಳಹೊಕ್ಕರೆ, ಅದು ಟಿಕೆಟ್ಟಿನ ಕಿಟಕಿಯಲ್ಲೇ ನಿಲ್ಲುವುದಿಲ್ಲ. ಇದಕ್ಕೆ ಅಮೆರಿಕದ ಒಂದು ನಿದರ್ಶನ ಸಾಕು. ಅಲ್ಲಿಯ ಸೌತ್‌ವೆಸ್ಟ್ ಸಂಸ್ಥೆಯು 46 ವಿಮಾನಗಳನ್ನು, ಕವಚದಲ್ಲಿ ಬಿರುಕಿದೆಯೇ ಎಂಬ ಕಡ್ಡಾಯ ಪರೀಕ್ಷೆಯನ್ನು ಮಾಡಿಸದೆಯೇ, ಸುಮಾರು 60,000 ಸಲ ಹಾರಿಸಿತ್ತು. ಬಳಿಕ ನೋಡಿದಾಗ 6 ವಿಮಾನಗಳಲ್ಲಿ ಬಿರುಕುಗಳಿದ್ದವು. ತಪ್ಪು 2007ರಲ್ಲಿ ತಿಳಿದ ಮೇಲೂ ವಿಮಾನಗಳು ಕೆಲವು ದಿನ ಹಾರುತ್ತಲೇ ಇದ್ದವು. ಸರ್ಕಾರದ ಮೇಲ್ವಿಚಾರಕ ಅಧಿಕಾರಿಯೂ, ಆತನ ಹಳೆಯ ಸಹೋದ್ಯೋಗಿಯಾಗಿದ್ದು ಆಗ ಸಂಸ್ಥೆಯ ನೌಕರಿಯಲ್ಲಿದ್ದವನೂ ತೀರ ಸಲಿಗೆಯವರಾಗಿದ್ದರೆಂಬುದು 2008ರಲ್ಲಿ ಸಂಸತ್ತಿನ ಮುಂದೆ ಬಯಲಾಯಿತು. ಬಯಲಿಗೆಳೆದವರು ಅದೇ ಇಲಾಖೆಯ ಕೆಳಗಿನ ತಪಾಸಣಾಧಿಕಾರಿಗಳು. ಸಂಸ್ಥೆಯು 75 ಲಕ್ಷ ಡಾಲರು ದಂಡ ತೆತ್ತಿತು. ದೈವವಶಾತ್ ಆ ವಿಮಾನಗಳಲ್ಲಿ ಯಾರೂ ಸಾಯಲಿಲ್ಲ.

ಎಲ್ಲ ಕಾಲದಲ್ಲಿಯೂ ದೈವ ಕಾಯುವುದಿಲ್ಲ. 2000ದ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸಿನ ವಿಮಾನವೊಂದು ಕ್ಯಾಲಿಫೋರ್ನಿಯದ ಬಳಿ ಸಮುದ್ರಕ್ಕೆ ಬಿದ್ದು ಅದರಲ್ಲಿದ್ದ 88 ಜನರೂ ಮಡಿದರು. ಬಾಲದ ಸಮತಲ ರೆಕ್ಕೆಯನ್ನು ಮೇಲೆ ಕೆಳಗೆ ಹೊರಳಿಸುವ ಉದ್ದನೆಯ ತಿರುಪೊಂದರ ನಟ್ಟು ಸವೆದು ಹೋಗಿದ್ದಿತು. ಕಾರಣ, ಅದಕ್ಕೆ ಸಾಕಷ್ಟು ಗ್ರೀಸು ಬಿದ್ದಿರಲಿಲ್ಲ. ಗ್ರೀಸು ಹಾಕುವ ಅವಧಿಯನ್ನು ಸಂಸ್ಥೆಯು ಮೇಲಿಂದ ಮೇಲೆ ಹಿಗ್ಗಿಸಿ, 1996ರಲ್ಲಿ ಎಂಟು ತಿಂಗಳಿಗೊಮ್ಮೆ ಎಂದು ಮಾಡಿತ್ತು. ಸರ್ಕಾರದ ಇಲಾಖೆ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತ್ತು. ತನಿಖೆಯ ವರದಿಯು ಎರಡನ್ನೂ ದೂಷಿಸಿತು. ಓದು ಬಾರದ ನಮ್ಮ ತಾತನಿಗೆ ತಿಳಿದಿದ್ದ ಮಾತು ಅಷ್ಟು ದೊಡ್ಡ ಸಂಸ್ಥೆಗೂ ಅಷ್ಟು ದೊಡ್ಡ ಸರ್ಕಾರಕ್ಕೂ ಮರೆತುಹೋದುದು ಆಶ್ಚರ್ಯವಲ್ಲವೆ!

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಬೆಂಗಳೂರನ್ನೇ ನೆಲೆಯಾಗಿಸಿಕೊಂಡಿದ್ದ ಕಿಂಗ್‌ಫಿಷರ್ ಸಂಸ್ಥೆ 2005ರ ಮೇ ತಿಂಗಳಲ್ಲಿ ಹಾರಾಟಕ್ಕಿಳಿದಾಗ ಅದರ ವೈಭವವನ್ನು ಹೊಗಳದವರಿರಲಿಲ್ಲ. ಅದರ ಒಡೆಯ ವಿಜಯ ಮಲ್ಯ ಕರ್ನಾಟಕದಿಂದ ಎರಡು ಬಾರಿ ರಾಜ್ಯಸಭೆಗೆ ಆಯ್ಕೆಯಾದವರು. ಬ್ಯಾಂಕುಗಳು ಕೇಳಿದಷ್ಟು ಸಾಲ ಕೊಟ್ಟವು. ಬಡ್ಡಿ ಸೇರಿ ಅದು 9,000 ಕೋಟಿ ರೂಪಾಯಿ ಮೀರಿತು. ಇತ್ತ ತಿಂಗಳುಗಟ್ಟಲೆ ಸಂಬಳ ಕಾಣದ ಇಂಜಿನಿಯರುಗಳು 2012ರ ಸೆಪ್ಟೆಂಬರ್ ಕೊನೆಯಲ್ಲಿ ಕೆಲಸ ನಿಲ್ಲಿಸಿದರು. ಇಂಜಿನಿಯರನು ನೋಡಿ, ಹಾರಲು ಯೋಗ್ಯವೆಂದು ಸಹಿ ಹಾಕದೆ ವಿಮಾನ ಮೇಲೇಳುವಂತಿಲ್ಲ. ಆ ಸಹಿ ನಿಂತಿತು, ವಿಮಾನಗಳೂ ನಿಂತವು. ಅಕ್ಟೋಬರಿನಲ್ಲಿ ಅದರ ಪರವಾನಗಿಯೇ ಅಮಾನತಾಯಿತು. ಅಷ್ಟು ವೈಭವವೂ ನಿಂತಿದ್ದುದು, ಎಣ್ಣೆಯ ಕೈಯಿಂದ ಹಾಕಿದ ಒಂದು ಸಹಿಯ ಮೇಲೆ ಎಂಬುದು ಆಗ ಲೋಕಕ್ಕೆ ತಿಳಿಯಿತು.

ಹಾಗಾದರೆ ಸೌಲಭ್ಯಗಳೆಲ್ಲ ಪಾಪವೆ? ನಾನು ಹಾಗೆನ್ನುವುದಿಲ್ಲ. ನೌಕರನು ತನ್ನ ಪಾಸಿನಲ್ಲಿ ವೃದ್ಧ ತಾಯಿಯನ್ನು ಒಮ್ಮೆ ವಿಮಾನದಲ್ಲಿ ಕರೆದೊಯ್ದರೆ ಅದು ಅವನ ದುಡಿಮೆಯ ಭಾಗ. ಸಂಸತ್ ಸದಸ್ಯರಿಗೆ ವರ್ಷಕ್ಕೆ 34 ವಿಮಾನ ಪ್ರಯಾಣಗಳ ಅನುಕೂಲವನ್ನು ಕಾನೂನೇ ಕೊಟ್ಟಿದೆ. ಅದು ಹೆಚ್ಚೋ ಕಡಮೆಯೋ ಚರ್ಚಿಸಬಹುದು. ಆದರೆ ಅದು ಅಚ್ಚಾಗಿರುವ ವಿಷಯ, ಲೆಕ್ಕ ಕೇಳಬಹುದು. ನನ್ನ ಆಕ್ಷೇಪವಿರುವುದು ಲೆಕ್ಕದಲ್ಲಿಲ್ಲದ ಉಪಕಾರದ ಬಗ್ಗೆ. ಪ್ರಶ್ನೆ ಕೇಳಬೇಕಾದವನ ಬಾಯಿಗೆ ಸಿಹಿ ಹಾಕಿದರೆ ಅವನು ಪ್ರಶ್ನೆಯನ್ನು ನುಂಗುತ್ತಾನೆ.

ಸರ್ಕಾರದ ಕೈ ತಪ್ಪಿದರೆ ಎಲ್ಲವೂ ಸರಿಹೋದೀತೆಂಬ ವಾದವೂ ಇದೆ. 2022ರ ಜನವರಿ 27ರಂದು ಏರ್ ಇಂಡಿಯಾ ಮರಳಿ ಟಾಟಾ ಬಳಗವನ್ನು ಸೇರಿತು. ಆದರೂ 2025ರಲ್ಲಿ ಅದರ ಮೂರು ಏರ್‌ಬಸ್ ವಿಮಾನಗಳು ತುರ್ತಿನಲ್ಲಿ ಜನ ಜಾರಿ ಇಳಿಯುವ ಸಾಧನಗಳ ಪರೀಕ್ಷೆಯ ಅವಧಿ ಮೀರಿದ ಬಳಿಕವೂ ಹಾರಿದವೆಂದು ಸರ್ಕಾರದ ವಿಮಾನಯಾನ ನಿರ್ದೇಶನಾಲಯವು ಎಚ್ಚರಿಕೆ ಕೊಡಬೇಕಾಯಿತು. ಒಡೆಯರು ಬದಲಾದರೆ ಕೀಲೆಣ್ಣೆ ತಾನಾಗಿ ಬೀಳುವುದಿಲ್ಲ. ಆ ನಿರ್ದೇಶನಾಲಯವಾದರೂ ಬಲವಾಗಿರಬೇಕಷ್ಟೆ? 2014ರ ಜನವರಿಯಲ್ಲಿ ಅಮೆರಿಕವು ನಮ್ಮ ದೇಶದ ವಿಮಾನ ಸುರಕ್ಷತೆಯ ದರ್ಜೆಯನ್ನು ಇಳಿಸಿದುದಕ್ಕೆ ತಪಾಸಣಾಧಿಕಾರಿಗಳ ಕೊರತೆಯೂ ಒಂದು ಕಾರಣವಾಗಿದ್ದಿತು. ದರ್ಜೆ ಮರಳಿ ಬಂದುದು 2015ರ ಏಪ್ರಿಲಿನಲ್ಲಿ.

ನನ್ನ ಅಲ್ಪಮತಿಗೆ ತೋರುವ ಪರಿಹಾರಗಳು ಮೂರು. ಮೊದಲನೆಯದು, ಪ್ರತಿಯೊಂದು ಸಂಸ್ಥೆಯೂ ತಾನು ಪುಕ್ಕಟೆಯಾಗಿ ಕೊಟ್ಟ ಟಿಕೆಟ್ಟು ಮತ್ತು ಮೇಲ್ದರ್ಜೆಯ ಆಸನಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಎರಡನೆಯದು, ತಪಾಸಣೆ ಮಾಡಿದವನು ಅದೇ ಸಂಸ್ಥೆಯ ನೌಕರಿಗೆ ಕೂಡಲೇ ಸೇರಿ ತನ್ನ ಹಳೆಯ ಇಲಾಖೆಯೊಡನೆ ವ್ಯವಹರಿಸುವಂತಿರಬಾರದು. ಸೌತ್‌ವೆಸ್ಟ್ ಪ್ರಕರಣದ ನಂತರ ಅಮೆರಿಕದಲ್ಲಿ 2011ರಲ್ಲಿ ಇದಕ್ಕೆ ಎರಡು ವರ್ಷದ ತಡೆ ಹಾಕಿದರು. ಮೂರನೆಯದು, ‘ಈ ವಿಮಾನ ಇಂದು ಹಾರಬಾರದು’ ಎಂದ ಇಂಜಿನಿಯರನಿಗೆ ಬಡ್ತಿ ತಪ್ಪಬಾರದು. ಬದಲಾಗಿ ಗೌರವ ಸಿಗಬೇಕು.

ಮಿತ್ರರೇ, ಇದು ವಿಮಾನದ ಮಾತು ಮಾತ್ರವೆಂದು ತಿಳಿಯಬೇಡಿ. ನಮ್ಮಲ್ಲಿ ಅನೇಕರು ನಾಳೆ ಸರ್ಕಾರಿ ಕಚೇರಿಗಳನ್ನು ಸೇರುವವರು. ನನ್ನಂತೆ ಮನೆತನದಲ್ಲಿಯೇ ಮೊದಲು ಪದವಿಯ ಮೆಟ್ಟಿಲೇರಿದವರು ಈ ಕಾಲೇಜಿನಲ್ಲಿ ಕಡಮೆಯಿಲ್ಲ. ಊರಿಗೆ ಹೋದಾಗಲೆಲ್ಲ ನನ್ನ ನೆಂಟರು, “ನಮ್ಮೋನೊಬ್ಬ ಒಳಗೆ ಸೇರ್ಕೊಂಡ್ರೆ ಸಾಕಪ್ಪ, ನಮ್ಮ ಕೆಲಸ ಆಯ್ತದೆ” ಎನ್ನುತ್ತಾರೆ. ಆ ಮಾತಿನಲ್ಲಿ ದುರಾಸೆಯಿಲ್ಲ. ತಲೆತಲಾಂತರದಿಂದ ಬಾಗಿಲ ಹೊರಗೆ ನಿಂತವರ ಆಯಾಸವಿದೆ. ಅದು ನನಗೂ ಹಿತವಾಗಿಯೇ ಕೇಳಿಸುತ್ತದೆ. ಅದಕ್ಕಾಗಿಯೇ ಅಂಜಿಕೆಯಾಗುತ್ತದೆ. ಹೊರಗೆ ನಿಂತವನು ಒಳಗೆ ಹೋಗಿ ತನ್ನವರಿಗಷ್ಟೆ ಬಾಗಿಲು ತೆರೆದರೆ, ಹೊರಗುಳಿದವರ ಸಾಲು ಹಾಗೆಯೇ ಇರುತ್ತದೆ.

1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ನಡುವೆ ಹಾರುತ್ತಿದ್ದ ಅಲೋಹಾ ಸಂಸ್ಥೆಯ ಹಳೆಯ ವಿಮಾನವೊಂದರ ಮೇಲ್ಛಾವಣಿ ಆಕಾಶದಲ್ಲಿಯೇ ಕಿತ್ತುಹೋಯಿತು. 89,680 ಬಾರಿ ಹಾರಿದ್ದ ವಿಮಾನವದು. ಪರಿಚಾರಿಕೆಯೊಬ್ಬಳು ಗಾಳಿಗೆ ಸಿಕ್ಕಿ ಹೋದಳು. ಉಳಿದ 94 ಜನರನ್ನು ಪೈಲಟ್ಟು ಹೇಗೋ ನೆಲಕ್ಕೆ ಮುಟ್ಟಿಸಿದ. ಹತ್ತುವಾಗಲೇ ಬಾಗಿಲ ಬಳಿ ಬಿರುಕೊಂದನ್ನು ಪ್ರಯಾಣಿಕಳೊಬ್ಬಳು ಕಂಡಿದ್ದಳಂತೆ. ಆದರೆ ಯಾರಿಗೂ ಹೇಳಲಿಲ್ಲ.

ಆಕೆ ಕೇವಲ ಪ್ರಯಾಣಿಕಳು. ಹೇಳುವುದು ಆಕೆಯ ಕೆಲಸವಾಗಿರಲಿಲ್ಲ. ನಾಳೆ ಸಹಿ ಹಾಕುವ ಲೇಖನಿ ನಮ್ಮ ಕೈಗೆ ಬಂದಾಗ ನಮಗೆ ಆ ನೆಪವೂ ಇರುವುದಿಲ್ಲ. ಬಿರುಕು ಕಂಡರೆ ಬಾಯಿಬಿಟ್ಟು ಹೇಳೋಣ. ಅದಕ್ಕಾಗಿ ಹಿಂದಿನ ಸಾಲಿನಲ್ಲಿ ಕುಳಿತರೂ ಚಿಂತೆಯಿಲ್ಲ.