ನಿಕಲ್ ಅಲರ್ಜಿ ಇರುವವರಿಗೆ ಮಣ್ಣಿಲ್ಲದೆ ಬೆಳೆದ ತರಕಾರಿ ಬೇಕೆ?

ಗಿಲೀಟಿನ ಓಲೆ ಹಾಕಿದ ಎರಡೇ ದಿನಕ್ಕೆ ಕಿವಿ ತುರಿಸಿ ನೀರು ಒಸರುವುದು, ವಾಚಿನ ಬಕಲ್ ತಾಗುವಲ್ಲಿ ಕೆಂಪು ಗಂಧೆ ಏಳುವುದು, ಜೀನ್ಸಿನ ಗುಂಡಿ ಒತ್ತುವ ಕಡೆ ಚರ್ಮ ಕಪ್ಪಾಗುವುದು: ನಿಕಲ್ ಅಲರ್ಜಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಹೀಗೆ. ಚರ್ಮಕ್ಕೆ ತಾಗಿ ಬರುವ ಅಲರ್ಜಿಗಳಲ್ಲಿ ಇದರದು ಮೊದಲ ಸ್ಥಾನ. ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಕೆಲವರಲ್ಲಿ ತೊಂದರೆ ಲೋಹ ತಾಗಿದ ಜಾಗಕ್ಕೇ ನಿಲ್ಲುವುದಿಲ್ಲ. ಊಟದ ಜೊತೆ ಒಳಗೆ ಹೋದ ನಿಕಲ್ ಅಂಗೈಯಲ್ಲಿ ನೀರ್ಗುಳ್ಳೆ, ಮೊಣಕೈ ಸಂದಿನಲ್ಲಿ ತುರಿಕೆ, ಹೊಟ್ಟೆಯುಬ್ಬರ ತರುತ್ತದೆ. 1975ರಲ್ಲಿ ಸ್ವೀಡನ್ನಿನಲ್ಲಿ ನಡೆದ ಹೆಸರಾಂತ ಪರೀಕ್ಷೆಯೊಂದರಲ್ಲಿ, ಕೈಯ ಎಸ್ಜಿಮಾ ಇದ್ದ 12 ಮಂದಿಗೆ 5.6 ಮಿಲಿಗ್ರಾಂ ನಿಕಲ್ ನುಂಗಿಸಿದಾಗ 9 ಮಂದಿಯಲ್ಲಿ ಕಾಯಿಲೆ ಕೆರಳಿತು.

ಇಟಲಿಯ ವೈದ್ಯರು ಇದನ್ನು ಪ್ರತ್ಯೇಕ ಕಾಯಿಲೆಯೆಂದೇ ಗುರುತಿಸಿ ಪಥ್ಯ ಹೇಳುತ್ತಾರೆ. ಆ ಪಥ್ಯದ ನಿಷೇಧ ಪಟ್ಟಿಗಳಲ್ಲಿ ಟೊಮೆಟೊ ಇರುತ್ತದೆ. ಟೊಮೆಟೊ ಇಲ್ಲದೆ ಇಟಲಿಯ ಅಡುಗೆಮನೆ ನಡೆಯುವುದು ಕಷ್ಟ. ಹೀಗಾಗಿ ಅಲ್ಲಿನ ಹಸಿರುಮನೆಗಳಲ್ಲಿ ಮಣ್ಣಿನ ಸಂಪರ್ಕವಿಲ್ಲದೆ ಬೆಳೆದ ಟೊಮೆಟೊ ‘ನಿಕಲ್ ಫ್ರೀ’ ಎಂಬ ಚೀಟಿಯೊಂದಿಗೆ ಅಂಗಡಿಗೆ ಬರುತ್ತಿದೆ. ನಿಕಲ್ ಅಲರ್ಜಿಯವರ ಪಥ್ಯದಲ್ಲಿ ಇಂಥ ತರಕಾರಿಗೆ ಜಾಗ ಕೊಡಬೇಕೆ?

ಪರ

ಗಿಡದೊಳಗಿನ ನಿಕಲ್ ಬರುವುದು ಬೇರಿನಿಂದ, ಬೇರಿಗೆ ಅದು ಸಿಗುವುದು ಹೆಚ್ಚಾಗಿ ನೆಲದಿಂದ. ನೆಲ ಎಷ್ಟು ಕೊಡಬಲ್ಲದು ಎಂಬುದಕ್ಕೆ ಇಟಲಿಯಲ್ಲೇ ಸಾಕ್ಷಿಯಿದೆ. ಟಸ್ಕನಿಯ ಸರ್ಪೆಂಟೈನ್ ಶಿಲೆಗಳ ಮೇಲೆ ಬೆಳೆಯುವ ಅಲಿಸಮ್ ಬರ್ಟೊಲೋನಿ ಎಂಬ ಪುಟ್ಟ ಹಳದಿ ಹೂವಿನ ಗಿಡವನ್ನು ಮಿಂಗುಜ್ಜಿ ಮತ್ತು ವೆರ್ನ್ಯಾನೊ ಪರೀಕ್ಷಿಸಿ 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಣಗಿದ ಎಲೆಯ ತೂಕದಲ್ಲಿ ಶೇ 1ರ ಹತ್ತಿರ ನಿಕಲ್ ಇತ್ತು. ತರಕಾರಿ ಗಿಡಗಳು ಇಷ್ಟು ಹೀರುವುದಿಲ್ಲ, ನಿಜ. ಆದರೆ ಒಂದೇ ತಳಿಯ ಸೊಪ್ಪು ಒಂದು ಹೊಲದಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು ನಿಕಲ್ ಹೊತ್ತು ಬರುತ್ತದೆ. ಹುಳಿ ಮಣ್ಣಿನಲ್ಲಿ ನಿಕಲ್ ಸುಲಭವಾಗಿ ಕರಗಿ ಬೇರಿಗೆ ಸಿಗುತ್ತದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯಲ್ಲೂ ಸರ್ಪೆಂಟೈನ್ ಕುಲದ ಶಿಲೆಗಳಿವೆ. ಬೆಂಗಳೂರಿನ ಕೊಳಚೆ ಮತ್ತು ಕಾರ್ಖಾನೆಗಳ ನೀರನ್ನು ಹೊತ್ತ ವೃಷಭಾವತಿಯಂಥ ಹೊಳೆಗಳಿಂದಲೂ ಹೊಲಗಳಿಗೆ ನೀರು ಹಾಯುತ್ತದೆ. ಮಾರುಕಟ್ಟೆಯಲ್ಲಿ ಸೊಪ್ಪಿನ ಕಟ್ಟು ಹಿಡಿದ ರೋಗಿಗೆ ಅದರ ಊರು, ನೆಲ, ನೀರು ಯಾವುದೂ ತಿಳಿಯುವುದಿಲ್ಲ.

ಮಣ್ಣಿಲ್ಲದ ಬೇಸಾಯದಲ್ಲಿ ಬೇರು ಉಣ್ಣುವುದು ಬೆಳೆಗಾರ ಕಲಸಿಕೊಟ್ಟ ಪೋಷಕ ದ್ರಾವಣವನ್ನು. ಅದರಲ್ಲಿ ಏನಿದೆ ಎಂಬುದನ್ನು ವಾರವಾರವೂ ಅಳೆಯಬಹುದು. ನಿಕಲ್ ಪೂರಾ ಇಲ್ಲದೆ ಗಿಡ ಬದುಕೀತೇ ಎಂಬುದು ನ್ಯಾಯವಾದ ಸಂಶಯ. ಯೂರಿಯಾವನ್ನು ಒಡೆಯುವ ಯೂರಿಯೇಸ್ ಕಿಣ್ವದಲ್ಲಿ ನಿಕಲ್ ಇರುವುದು 1975ರಲ್ಲಿ ಗೊತ್ತಾಯಿತು, ಬಾರ್ಲಿಯ ಮೇಲಿನ ಪ್ರಯೋಗಗಳ ನಂತರ 1987ರಲ್ಲಿ ಅದು ಸಸ್ಯಗಳಿಗೆ ಅಗತ್ಯವೆಂದು ಸ್ಥಿರಪಟ್ಟಿತು. ಆದರೆ ಬೇಕಾದ ಪ್ರಮಾಣ ತೀರಾ ಅಲ್ಪ. ನೈಟ್ರೇಟ್ ರೂಪದಲ್ಲಿ ಸಾರಜನಕ ಪಡೆಯುವ ಟೊಮೆಟೊ, ಲೆಟ್ಯೂಸ್‌ಗಳಿಗೆ ಬೀಜದಲ್ಲಿರುವ ದಾಸ್ತಾನು ಮತ್ತು ಗೊಬ್ಬರದ ಅಂಶಮಾತ್ರ ಕಲಬೆರಕೆಯೇ ಸಾಮಾನ್ಯವಾಗಿ ಸಾಕಾಗುತ್ತದೆ.

ಕಾಯಿಲೆಗೆ ತಕ್ಕ ತರಕಾರಿ ಬೆಳೆಯುವುದು ಕನಸೇನಲ್ಲ. ಜಪಾನಿನ ಐಜು-ವಕಮತ್ಸುವಿನಲ್ಲಿ ಫುಜಿತ್ಸು ಕಂಪನಿ ತನ್ನ ಸೆಮಿಕಂಡಕ್ಟರ್ ಕಾರ್ಖಾನೆಯ ಕಟ್ಟಡದಲ್ಲೇ ಪೊಟ್ಯಾಸಿಯಂ ಕಡಿಮೆ ಇರುವ ಲೆಟ್ಯೂಸ್ ಬೆಳೆದು 2014ರಲ್ಲಿ ಮಾರಾಟಕ್ಕಿಟ್ಟಿತು. ಪೊಟ್ಯಾಸಿಯಂ ಮಿತಿಯಲ್ಲಿ ತಿನ್ನಬೇಕಾದ ಮೂತ್ರಪಿಂಡ ರೋಗಿಗಳಿಗೆ ಹಸಿ ಸೊಪ್ಪಿನ ರುಚಿ ಮರಳಿ ಸಿಕ್ಕಿತು. ಕರ್ನಾಟಕದಲ್ಲೂ ತಳಹದಿ ಇದೆ: ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಣ್ಣಿಲ್ಲದೆ ತರಕಾರಿ ಬೆಳೆಯಲೆಂದೇ ಹುದುಗಿಸಿದ ತೆಂಗಿನ ನಾರಿನ ಪುಡಿಯನ್ನು ‘ಅರ್ಕಾ’ ಹೆಸರಿನಲ್ಲಿ ರೂಪಿಸಿದೆ. ಬೇಳೆ, ಗೋಡಂಬಿ, ಚಾಕೊಲೇಟ್ ಎಲ್ಲವನ್ನೂ ಬಿಟ್ಟವರಿಗೆ ಟೊಮೆಟೊವನ್ನೂ ಪಾಲಕ್ಕನ್ನೂ ಬಿಡಿ ಎಂದರೆ ತಟ್ಟೆಯಲ್ಲಿ ಉಳಿಯುವುದೇನು?

ವಿರೋಧ

ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಊಟದಿಂದ ದಿನಕ್ಕೆ ಹೆಚ್ಚೂಕಡಿಮೆ 100ರಿಂದ 300 ಮೈಕ್ರೊಗ್ರಾಂ ನಿಕಲ್ ದೇಹಕ್ಕೆ ಹೋಗುತ್ತದೆ. ಟೊಮೆಟೊದಲ್ಲಿ ಕಿಲೋಗೆ 100 ಮೈಕ್ರೊಗ್ರಾಂ ಇದೆಯೆಂದು ಇಟ್ಟುಕೊಂಡರೂ ಒಂದು ದೊಡ್ಡ ಹಣ್ಣಿನಿಂದ ಬರುವುದು 10 ಮೈಕ್ರೊಗ್ರಾಂ. ಗೋಡಂಬಿಯಲ್ಲಿ ಕಿಲೋಗೆ ಸುಮಾರು 5 ಮಿಲಿಗ್ರಾಂ ಇರುವುದರಿಂದ, ಒಂದು ಹಿಡಿ, ಅಂದರೆ 30 ಗ್ರಾಂ ತಿಂದರೆ 150 ಮೈಕ್ರೊಗ್ರಾಂ. ಸೋಯಾದಲ್ಲೂ ಹೆಚ್ಚುಕಡಿಮೆ ಅಷ್ಟೇ, ಕೋಕೋ ಪುಡಿಯಲ್ಲಿ ಇನ್ನೂ ಹೆಚ್ಚು. ಊಟದ ನಿಕಲ್‌ನ ದೊಡ್ಡ ಪಾಲು ಧಾನ್ಯ, ಬೇಳೆಕಾಳು, ಬೀಜಗಳದು. ಇವನ್ನು ಪಾಲಿಹೌಸಿನ ಕೊಳವೆಗಳಲ್ಲಿ ಯಾರೂ ಬೆಳೆಯುವುದಿಲ್ಲ. ತೊಗರಿಬೇಳೆ ಹುಳಿಗೆ ನಿಕಲ್ ಇಲ್ಲದ ಟೊಮೆಟೊ ಹಾಕಿ ಸಮಾಧಾನಪಟ್ಟರೆ ಕೈಯ ಗುಳ್ಳೆಗೆ ಅದು ತಿಳಿಯುವುದಿಲ್ಲ.

ಊಟದಿಂದ ಕಾಯಿಲೆ ಕೆರಳುವವರು ಎಷ್ಟು ಮಂದಿ? ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2006ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಮಾಡಿದ ಅಂದಾಜಿನಂತೆ, ದಿನದ ಊಟದಲ್ಲಿರುವಷ್ಟು ನಿಕಲ್‌ಗೆ (0.22ರಿಂದ 0.35 ಮಿಲಿಗ್ರಾಂ) ಪ್ರತಿಕ್ರಿಯೆ ತೋರುವವರು ನಿಕಲ್ ಅಲರ್ಜಿಯವರಲ್ಲಿ ಶೇ 1ರಷ್ಟು. ಉಳಿದ ಬಹುಪಾಲು ಜನರಿಗೆ ಓಲೆ, ಬಕಲ್ ಬದಲಾಯಿಸಿದರೆ ಸಾಕು. ಅವರನ್ನು ದುಬಾರಿ ತರಕಾರಿಗೆ ಕರೆದೊಯ್ಯುವುದು ಅನ್ಯಾಯ.

ಮಣ್ಣು ಇಲ್ಲ ಎಂದ ಮಾತ್ರಕ್ಕೆ ನಿಕಲ್ ಇಲ್ಲ ಎಂದಾಗುವುದಿಲ್ಲ. ಫಾಸ್ಫೇಟ್ ಹಾಗೂ ಸೂಕ್ಷ್ಮ ಪೋಷಕಾಂಶದ ಲವಣಗಳಲ್ಲಿ ಅದು ಕಲಬೆರಕೆಯಾಗಿ ಬರುತ್ತದೆ, ಕೊಳವೆಬಾವಿಯ ನೀರಿನಲ್ಲೂ ಇರಬಹುದು. ಮಣ್ಣಿನಲ್ಲಿ ಜೇಡಿಯೂ ಕೊಳೆತ ಸಾವಯವವೂ ಲೋಹವನ್ನು ಹಿಡಿದಿಡುತ್ತವೆ. ತುಸು ಹುಳಿಯಾದ ದ್ರಾವಣದಲ್ಲಿ ಅಂಥ ತಡೆ ಇಲ್ಲ, ಬಂದದ್ದೆಲ್ಲ ನೇರ ಬೇರಿಗೆ. ಅಗ್ಗದ ಗೊಬ್ಬರ ಬಳಸಿ ಅಳತೆ ಮಾಡದ ಬೆಳೆಗಾರನ ಲೆಟ್ಯೂಸ್ ಹೊಲದ ಸೊಪ್ಪಿಗಿಂತ ಒಳ್ಳೆಯದೆಂದು ಹೇಳಲು ಆಧಾರವಿಲ್ಲ. ಅತ್ತ ಹೊಲದಲ್ಲೂ ಸುಣ್ಣ ಹಾಕಿ ಮಣ್ಣಿನ ಹುಳಿ ತಗ್ಗಿಸಿದರೆ ಗಿಡ ಹೀರುವ ನಿಕಲ್ ಕಡಿಮೆಯಾಗುತ್ತದೆ.

ಇನ್ನು ಪಾತ್ರೆ. ಅಮೆರಿಕದ ಓರೆಗಾನ್‌ನಲ್ಲಿ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಟೊಮೆಟೊ ಸಾಸನ್ನು ಸ್ಟೀಲ್ ಜೊತೆ ಗಂಟೆಗಟ್ಟಲೆ ಬೇಯಿಸಲಾಯಿತು. ಹತ್ತನೇ ಸಲದ ಅಡುಗೆಯಲ್ಲೂ 126 ಗ್ರಾಂ ಸಾಸಿಗೆ ಸರಾಸರಿ 88 ಮೈಕ್ರೊಗ್ರಾಂ ನಿಕಲ್ ಸೇರಿತ್ತು. ನಮ್ಮ ಸಾರು ಅಷ್ಟು ಹೊತ್ತು ಕುದಿಯುವುದಿಲ್ಲ, ಆದರೆ ಹುಣಸೆ ಹುಳಿ ಬಿದ್ದ ಸಾರು ಬೆಳಗಿನಿಂದ ರಾತ್ರಿಯವರೆಗೆ ಸ್ಟೀಲ್ ಪಾತ್ರೆಯಲ್ಲೇ ಕೂರುತ್ತದೆ. ಹುಳಿ ಅಡುಗೆಯನ್ನು ಗಾಜು, ಮಣ್ಣು, ಎನಾಮಲ್ ಪಾತ್ರೆಗೆ ಬದಲಾಯಿಸುವುದು ಅಗ್ಗ, ಲಾಭವೂ ಹೆಚ್ಚು.

ಕಬ್ಬಿಣದ ಮಾತೂ ಇದೆ. ಕರುಳಿನಲ್ಲಿ ಕಬ್ಬಿಣವನ್ನು ಒಳಗೆ ತರುವ ವಾಹಕವೇ ನಿಕಲ್ಲನ್ನೂ ತರುತ್ತದೆ. ಕಬ್ಬಿಣ ಕೊರತೆಯಾದಾಗ ದೇಹ ಅಂಥ ವಾಹಕಗಳನ್ನು ಹೆಚ್ಚಿಸಿಕೊಂಡು ನಿಕಲ್ಲನ್ನೂ ಹೆಚ್ಚು ಹೀರುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಬೇಳೆ, ಸೊಪ್ಪು ಬಿಡಿಸುವ ಪಥ್ಯವನ್ನು ಅವರಿಗೆ ಹೇಳುವ ಮುನ್ನ ರಕ್ತ ಪರೀಕ್ಷೆ ಮಾಡಿಸಲೇಬೇಕು.

ಎರಡೂ ಕಡೆಯ ಮಾತು ಕೇಳಿದ ಮೇಲೆ ಒಂದು ತೀರ್ಪು ಹೇಳಬಹುದು. ಪ್ಯಾಚ್ ಟೆಸ್ಟ್‌ನಲ್ಲಿ ಅಲರ್ಜಿ ಖಚಿತವಾಗಿ, ವೈದ್ಯರ ಕಣ್ಣೆದುರಿನ ಪಥ್ಯದಲ್ಲಿ ಗುಣ ಕಂಡು, ನಿಕಲ್ ಮತ್ತೆ ಹೆಚ್ಚಿದಾಗ ಕಾಯಿಲೆ ಮರಳಿದ ಕೆಲವರಿಗೆ ಈ ತರಕಾರಿ ನಿಜವಾದ ಉಪಕಾರ. ಅದೂ ಅಳತೆಯಾಗಿದ್ದರೆ ಮಾತ್ರ. ಐರೋಪ್ಯ ಒಕ್ಕೂಟ 2024ರಲ್ಲಿ ತಂದ ನಿಯಮದಂತೆ 2025ರ ಜುಲೈಯಿಂದ ಅಲ್ಲಿ ತರಕಾರಿಗಳಿಗೂ ನಿಕಲ್ ಮಿತಿ ಜಾರಿಯಲ್ಲಿದೆ, ಅಂದರೆ ಅಳೆಯುವುದು ಅಸಾಧ್ಯವಲ್ಲ. ಇಲ್ಲಿ ಮಾರುವವರೂ ‘ಮಣ್ಣಿಲ್ಲದೆ ಬೆಳೆದದ್ದು’ ಎಂದಷ್ಟೇ ಬರೆದು ಬಿಡದೆ ಕಿಲೋಗೆ ಎಷ್ಟು ಮೈಕ್ರೊಗ್ರಾಂ, ಯಾವ ಕೊಯ್ಲು, ಯಾವ ಪ್ರಯೋಗಾಲಯ ಎಂಬುದನ್ನು ಅಚ್ಚು ಹಾಕಲಿ. ಆ ಅಂಕಿ ಇಲ್ಲದ ಪೊಟ್ಟಣಕ್ಕೆ ಅಲರ್ಜಿಯ ಹೆಸರಿನಲ್ಲಿ ಹೆಚ್ಚಿನ ಹಣ ಕೊಡಬೇಡಿ.