ಮೊದಲ ಪಾಠಕ್ಕೆ ಯಾವ ಸಲಕರಣೆ?

ಗಣಿತದ ಫಂಕ್ಷನ್ನು ವಿದ್ಯಾರ್ಥಿಗಳಿಗೆ ಹೊಸದಲ್ಲ. ಅದಕ್ಕೆ ಒಂದೇ ಬೆಲೆಯನ್ನು ಎಷ್ಟು ಸಲ ಕೊಟ್ಟರೂ ಬರುವ ಉತ್ತರ ಬದಲಾಗದು. ಇಂತಹ ಫಂಕ್ಷನ್ನುಗಳನ್ನು ಒಂದರೊಡನೊಂದು ಜೋಡಿಸಿ ಗಣಕಯಂತ್ರದ ಪ್ರೋಗ್ರಾಮನ್ನು ರಚಿಸುವ ಪದ್ಧತಿಯೇ ಫಂಕ್ಷನಲ್ ಪ್ರೋಗ್ರಾಮಿಂಗ್. ಅಲಾಂಜೊ ಚರ್ಚ್ ಎಂಬ ಗಣಿತಜ್ಞರು 1930ರ ದಶಕದಲ್ಲಿ ರೂಪಿಸಿದ ಲ್ಯಾಂಬ್ಡಾ ಕಲನವೇ ಇದಕ್ಕೆ ತಳಹದಿ. ಇದನ್ನು ಕಲಿಯಲು ಬೇಕಾದ ಉತ್ತಮ ಸಲಕರಣೆಗಳು ಇಂದು ಉಚಿತವಾಗಿ ದೊರೆಯುತ್ತವೆ. ಅವುಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಹೀಗಿರುವಲ್ಲಿ, ಯಾವುದರಿಂದ ಪ್ರಾರಂಭಿಸಬೇಕು?

ವೇಗವನ್ನೋ ಪ್ರಸಿದ್ಧಿಯನ್ನೋ ಅಳತೆಗೋಲಾಗಿ ಹಿಡಿಯುವುದು ವಾಡಿಕೆ. ಕಲಿಯುವವರಿಗೆ ಇವೆರಡೂ ಮುಖ್ಯವಲ್ಲವೆಂದು ನಮ್ಮ ಅಭಿಪ್ರಾಯ. ಹೊಸಬರು ಹೆಜ್ಜೆ ಹೆಜ್ಜೆಗೂ ತಪ್ಪುವುದು ಸಹಜ. ಆಗ ಸಲಕರಣೆಯು ಆಡುವ ಮಾತೇ ಅವರ ಪಾಲಿನ ಪಾಠ.

ಒಂದು ಚಿಕ್ಕ ಪರೀಕ್ಷೆ ಮಾಡೋಣ. 1 ಎಂಬ ಸಂಖ್ಯೆಗೆ ‘ಮರ’ ಎಂಬ ಪದವನ್ನು ಕೂಡಿಸಲು ಹೇಳೋಣ.

ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ ಬೆಳೆದ ಓಕ್ಯಾಮಲ್, ಪ್ರೋಗ್ರಾಮು ನಡೆಯುವ ಮೊದಲೇ ತಡೆದು, ಪೂರ್ಣಾಂಕವಿರಬೇಕಾದಲ್ಲಿ ಪದವಿದೆ ಎನ್ನುತ್ತದೆ. ಮಾತು ನೇರವಾಗಿದೆ. ಆದರೆ 1ಕ್ಕೆ 2.5ನ್ನು ಕೂಡಿಸಹೊರಟರೂ ಅದು ಒಪ್ಪದು. ಪೂರ್ಣಾಂಕಗಳಿಗೂ ದಶಾಂಶಗಳಿಗೂ ಅಲ್ಲಿ ಬೇರೆ ಬೇರೆ ಸಂಕಲನ ಚಿಹ್ನೆಗಳುಂಟು.

ಹ್ಯಾಸ್ಕೆಲ್ ಭಾಷೆಯ ಜಿಎಚ್‌ಸಿ ಕಂಪೈಲರು ಸಹ ಮೊದಲೇ ತಡೆಯುತ್ತದೆ. ಆದರೆ ಅದು ಹೇಳುವುದು, ಪದಗಳು ಸಂಖ್ಯೆಗಳ ವರ್ಗಕ್ಕೆ ಸೇರಿದವೆಂಬುದಕ್ಕೆ ಆಧಾರವಿಲ್ಲವೆಂದು! ಆ ಭಾಷೆಯಲ್ಲಿ 1 ಎಂಬ ಅಂಕಿಯು ಹಲವು ಬಗೆಯ ಸಂಖ್ಯೆಯಾಗಬಲ್ಲುದು. ಪದವೂ ಅಂತಹದೊಂದು ಬಗೆಯೇ ಎಂದು ಕಂಪೈಲರು ಹುಡುಕಿ ಸೋಲುತ್ತದೆ. ತರ್ಕವೇನೋ ಸೊಗಸು, ಹೊಸಬರಿಗೆ ಮಾತ್ರ ಕಗ್ಗಂಟು.

ಮೂರನೆಯದು ಡಾಕ್ಟರ್ ರ‍್ಯಾಕೆಟ್. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಮಥಾಯಸ್ ಫೆಲೈಸನ್ ಅವರ ತಂಡವು ಇದನ್ನು ಬೋಧನೆಗೆಂದೇ ಆರಂಭಿಸಿತು. ಈಗಿನ ಹೆಸರು ಬಂದದ್ದು 2010ರಲ್ಲಿ. ಇದರಲ್ಲಿ ವಿದ್ಯಾರ್ಥಿಗಳಿಗಾಗಿ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುವ ಭಾಷೆಗಳಿವೆ. ಮೊದಲ ಮೆಟ್ಟಿಲಿನ ಉತ್ತರ ಇಷ್ಟೇ: ಸಂಕಲನಕ್ಕೆ ಸಂಖ್ಯೆ ಬೇಕು, ಕೊಟ್ಟಿರುವುದು ‘ಮರ’. ಬೀಜಗಣಿತದ ಲೆಕ್ಕವನ್ನು ಬಿಡಿಸಿದಂತೆ, ಪ್ರತಿಯೊಂದು ಹಂತವನ್ನೂ ಬಿಡಿಸಿ ತೋರಿಸುವ ಸೌಕರ್ಯವೂ ಇದರಲ್ಲುಂಟು. ಕೊರತೆಯೂ ಇಲ್ಲದಿಲ್ಲ. ಪ್ರೋಗ್ರಾಮು ಆ ಸಾಲನ್ನು ಮುಟ್ಟುವವರೆಗೆ ಇಂತಹ ತಪ್ಪು ಬಯಲಾಗದು.

ಆದುದರಿಂದ ಮೊದಲು ರ‍್ಯಾಕೆಟ್, ಬಳಿಕ ಓಕ್ಯಾಮಲ್, ಅನಂತರ ಹ್ಯಾಸ್ಕೆಲ್ ಎಂಬ ಕ್ರಮ ನಮಗೆ ಯುಕ್ತವೆಂದು ತೋರುತ್ತದೆ. ಕಠಿಣವಾದುದನ್ನೇ ಮೊದಲು ಹಿಡಿದರೆ ಶಿಸ್ತು ಬರುವುದೆಂದು ಕೆಲವರು ವಾದಿಸಬಹುದು. ಅರ್ಥವಾಗದ ಆಕ್ಷೇಪಣೆಯಿಂದ ಶಿಸ್ತು ಬರಲಾರದು. ತನ್ನ ಬುದ್ಧಿಯೇ ಮಂದವೆಂಬ ಭ್ರಮೆ ಬಂದೀತು. ಸಲಕರಣೆಯ ನುಡಿಯಲ್ಲಿರುವ ದೋಷಕ್ಕಾಗಿ ಒಬ್ಬ ವಿದ್ಯಾರ್ಥಿಯು ಇಷ್ಟು ಸುಂದರವಾದ ಶಾಸ್ತ್ರವನ್ನೇ ತೊರೆದರೆ ಅದು ನಿಜವಾದ ನಷ್ಟ.

ಹ್ಯಾಸ್ಕೆಲ್ ಬಳಗವೂ ಈ ತೊಡಕನ್ನು ಮನಗಂಡಿದೆ. 2023ರ ಜಿಎಚ್‌ಸಿ 9.6ನೆಯ ಆವೃತ್ತಿಯಿಂದ ತಪ್ಪಿನ ಸಂದೇಶಗಳಿಗೆ ಗುರುತಿನ ಸಂಖ್ಯೆಗಳು ಬಂದಿವೆ. ಅವನ್ನು ಹಿಡಿದು ಹುಡುಕಿದರೆ ವಿವರಣೆ ಸಿಗುವಂತೆ ಒಂದು ಸೂಚಿಯೂ ಬೆಳೆಯುತ್ತಿದೆ. ಮುಕ್ತ ತಂತ್ರಾಂಶದ ನಿಜವಾದ ಬೆಲೆ ಇಲ್ಲಿದೆ. ಇಂದು ಒಂದು ಸಂದೇಶ ಅರ್ಥವಾಗದೆ ತೊಳಲಿದವರೇ, ನಾಳೆ ಅದನ್ನು ತಿಳಿಯಾಗಿಸಿ ಬರೆದು, ಮುಂದೆ ಬರುವವರಿಗೆ ದಾರಿಯನ್ನು ಸುಗಮಗೊಳಿಸಬಹುದು.