ಹೆಲ್ಮೆಟ್ ಇರುವುದು ತಲೆಗೆ, ಟ್ಯಾಂಕಿಗಲ್ಲ



ಕಳೆದ ಮಳೆಗಾಲದ ಒಂದು ರಾತ್ರಿ ನಾವು ಕೆಲವರು ಬೆಳಗಾಗುವವರೆಗೆ ಆಸ್ಪತ್ರೆಯ ಜಗಲಿಯಲ್ಲಿ ಕುಳಿತಿದ್ದೆವು. ನಮ್ಮ ಲೈನಿನ ಹುಡುಗನೊಬ್ಬ ಫ್ಯಾಕ್ಟರಿ ಕೆಲಸ ಮುಗಿಸಿ ಬರುವಾಗ ತಿರುವಿನಲ್ಲಿ ಬೈಕು ಜಾರಿ ಬಿದ್ದಿದ್ದ. ಕೈಕಾಲಿಗೆ ಆದದ್ದು ತರಚು ಗಾಯ, ಪೆಟ್ಟು ಬಿದ್ದದ್ದು ತಲೆಗೆ. ಬೈಕು ಎತ್ತಿ ತಂದವರು ಹೆಲ್ಮೆಟ್ಟನ್ನೂ ತಂದರು. ಅದು ಪೆಟ್ರೋಲ್ ಟ್ಯಾಂಕಿನ ಮೇಲಿತ್ತಂತೆ. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಹುಡುಗ ಬದುಕಿದ. ಆದರೆ ಇಂದಿಗೂ ಅವನು ಕೆಲಸಕ್ಕೆ ಬರಲಾರ. ಅವನ ತಾಯಿ ಮಗನನ್ನು ನೋಡಿಕೊಳ್ಳಲು ಎಲೆ ಕೀಳುವುದನ್ನು ಬಿಟ್ಟಿದ್ದಾಳೆ. ಒಂದು ಮನೆಯ ಎರಡು ಕೂಲಿ ನಿಂತುಹೋಯಿತು.

ಚೆಕ್‌ಪೋಸ್ಟ್ ಕಂಡರೆ ತಲೆಗೆ, ದಾಟಿದ ಮೇಲೆ ಟ್ಯಾಂಕಿಗೆ: ಇದು ನಮ್ಮವರ ವಾಡಿಕೆ. ತೋಟದೊಳಗಿನ ದಾರಿಯಲ್ಲಂತೂ ಕೇಳುವವರಿಲ್ಲ. ಅಲ್ಲಿ ಪೊಲೀಸರಿಲ್ಲ ನಿಜ, ಕಲ್ಲು ಇಲ್ಲವೇ? ಪಾಚಿ ಇಲ್ಲವೇ?

ಹೆಲ್ಮೆಟ್ ಕಾನೂನು ದಂಡ ವಸೂಲಿಗಾಗಿ ಹುಟ್ಟಿದ್ದಲ್ಲ. 1935ರಲ್ಲಿ ಲಾರೆನ್ಸ್ ಎಂಬ ಹೆಸರಾಂತ ಇಂಗ್ಲಿಷ್ ಸೇನಾನಿ ಸೈಕಲ್ಲಿನ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರ್ ಸೈಕಲ್ಲಿನಿಂದ ಬಿದ್ದು, ಆರು ದಿನಗಳ ನಂತರ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್, ಇಂಥ ಸಾವುಗಳನ್ನು ವರ್ಷಗಟ್ಟಲೆ ಪರಿಶೀಲಿಸಿ 1941ರಲ್ಲಿ ತಮ್ಮ ಬರಹ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಇದನ್ನು ಹೇಳುತ್ತದೆ. 2019ರ ತಿದ್ದುಪಡಿಯಂತೆ ನಾಲ್ಕು ವರ್ಷ ಮೀರಿದ ಎಲ್ಲರೂ, ಹಿಂದೆ ಕುಳಿತವರೂ ಸೇರಿ, ಹೆಲ್ಮೆಟ್ ಧರಿಸಬೇಕು. ಪೇಟ ಕಟ್ಟಿದ ಸಿಖ್ಖರಿಗೆ ಮಾತ್ರ ವಿನಾಯಿತಿ. ತಪ್ಪಿದರೆ ಸಾವಿರ ರೂಪಾಯಿ ದಂಡ, ಮೂರು ತಿಂಗಳು ಲೈಸೆನ್ಸ್ ಅನರ್ಹತೆ.

ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 50,029 ಜನ ಹೆಲ್ಮೆಟ್ ಇಲ್ಲದ ದ್ವಿಚಕ್ರ ಸವಾರರು. ಈ ಪೈಕಿ 14,337 ಮಂದಿ ಹಿಂದೆ ಕುಳಿತವರು. ನಮ್ಮ ಮನೆಗಳಲ್ಲಿ ಹಿಂದೆ ಕೂರುವವರು ಯಾರು? ಹೆಂಡತಿ, ತಾಯಿ, ಶಾಲೆಗೆ ಹೋಗುವ ಮಕ್ಕಳು. ಗಂಡಸಿನ ತಲೆಗೆ ಬೆಲೆಯಿದೆ, ಹೆಂಗಸಿನ ತಲೆಗಿಲ್ಲ ಎಂದು ನಾವು ಬಾಯಿಬಿಟ್ಟು ಹೇಳುವುದಿಲ್ಲ, ನಡೆದು ತೋರಿಸುತ್ತಿದ್ದೇವೆ.

ಹೆಲ್ಮೆಟ್ಟಿನ ಹೊರಚಿಪ್ಪು ಪೆಟ್ಟನ್ನು ಹರಡುತ್ತದೆ. ಒಳಗಿನ ಥರ್ಮೋಕೋಲ್ ತಾನು ಜಜ್ಜಿಹೋಗಿ ಮಿದುಳನ್ನು ಉಳಿಸುತ್ತದೆ. ಆದ್ದರಿಂದ ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು. ಗದ್ದದ ಪಟ್ಟಿ ಬಿಗಿಯದಿದ್ದರೆ ಬೀಳುವಾಗ ಅದು ಮೊದಲೇ ಹಾರಿಹೋಗುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆಲ್ಮೆಟ್ಟಿನಿಂದ ಸಾವಿನ ಅಪಾಯ ನೂರಕ್ಕೆ ಸುಮಾರು 42ರಷ್ಟು, ತಲೆಪೆಟ್ಟಿನ ಅಪಾಯ 69ರಷ್ಟು ಇಳಿಯುತ್ತದೆಂದು ಕಂಡುಬಂದಿದೆ.

ಇನ್ನೊಂದು ಮಾತು. ಬಿದ್ದವನು ಎದ್ದು ನಿಂತು ಚಹಾ ಕುಡಿದನೆಂದು ನಂಬಿ ಮಲಗಿಸಬೇಡಿ. ತಲೆಯೊಳಗಿನ ರಕ್ತಸ್ರಾವ ಗಂಟೆಗಳ ನಂತರವೂ ತೋರಬಹುದು. ವಾಂತಿ, ಮಂಪರು, ತೊದಲು ಮಾತು, ಹೆಚ್ಚುವ ತಲೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಗಾಯಾಳುವಿಗೆ ನೆರವಾದವರನ್ನು ಪೊಲೀಸರು ಪೀಡಿಸದಂತೆ ಈಗ ಕಾನೂನಿನ ರಕ್ಷಣೆಯೂ ಇದೆ.

ಸಾವಿರ ರೂಪಾಯಿ ನಮಗೆ ಎರಡು ದಿನಕ್ಕೂ ಮೀರಿದ ಕೂಲಿ, ಬಲ್ಲೆವು. ಆದರೆ ದಂಡ ಕಟ್ಟುವ ಅದೇ ಹಣಕ್ಕೆ ಐ.ಎಸ್.ಐ. ಗುರುತಿನ ಹೆಲ್ಮೆಟ್ ಬರುತ್ತದೆ. ರಸ್ತೆ ಬದಿಯಲ್ಲಿ ಮಾರುವ ಗುರುತಿಲ್ಲದ ಟೋಪಿಗೆ ಮರುಳಾಗಬೇಡಿ. ಬೋನಸ್ ಬಂದಾಗ ಮೊದಲು ಎರಡು ಹೆಲ್ಮೆಟ್ ಕೊಳ್ಳಿರಿ, ಎರಡನೆಯದು ಹಿಂದೆ ಕೂರುವವರಿಗೆ. ತೋಟದ ದಾರಿಗಳ ಗುಂಡಿ ಮುಚ್ಚಿಸುವುದು ಆಡಳಿತದ ಹೊಣೆ. ಅದನ್ನು ಸಂಘದ ಮುಂದಿನ ಬೇಡಿಕೆಪಟ್ಟಿಯಲ್ಲಿ ಸೇರಿಸೋಣ. ಪಟ್ಟಿ ಬಿಗಿಯುವುದು ಮಾತ್ರ ನಮ್ಮದೇ ಹೊಣೆ.

ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕು, ಯಾರಾದರೂ ಬಿದ್ದು ಸತ್ತರೆ ಆ ದೋಷ ಮನೆಯವರದು ಎಂಬ ಕಟ್ಟಳೆ ಧರ್ಮೋಪದೇಶಕಾಂಡದಲ್ಲಿದೆ. ಬೈಕು ಕೊಂಡವನಿಗೂ ಅದೇ ಕಟ್ಟಳೆ ಅನ್ವಯಿಸುತ್ತದೆಂದು ನಾವು ತಿಳಿಯುತ್ತೇವೆ.